ಮಲ್ಲಪ್ಪ ಕಾಕಾನ ಎದೆನೋವು

ಸ್ನೇಹಿತರೇ, ಇವತ್ತು ನಮ್ಮ ವೈದ್ಯ ವಿದ್ಯಾರ್ಥಿಗಳ ಪರೀಕ್ಷೆಯನ್ನು ಕೆಡಿಸಿದ್ದು ಒಬ್ಬ ರೋಗಿ. ಅದೂ ನಾನೇ ಹೇಳಿಕೊಟ್ಟು ಮಲಗಿಸಿದ ರೋಗಿ.

ರೋಗಿಯ ಜೊತೆ ಮಾತಾಡುವುದನ್ನು ಕಲಿಸಲು ಈಗ ಹೊಸ ಪದ್ಧತಿ ಬಂದಿದೆ. ನಟನೊಬ್ಬ ರೋಗಿಯಂತೆ ಮಲಗುತ್ತಾನೆ, ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬಂದು ವಿಚಾರಿಸಿ ರೋಗ ಯಾವುದೆಂದು ಬರೆಯಬೇಕು. ಅದಕ್ಕೆಂದೇ ಮಂಗಸೂಳಿ ಊರಿನಿಂದ ಹಳೆಯ ನಾಟಕದ ಕಲಾವಿದ ಮಲ್ಲಪ್ಪ ಕಾಕಾ ಅವರನ್ನು ಕರೆಸಿದ್ದೆ. ಪಾತ್ರ ಸಣ್ಣದು: ಉಂಡ ಮೇಲೆ ಹೊಟ್ಟೆನೋವು, ಅಷ್ಟೇ.

ಮೊದಲು ಬಂದವರು ಸರಿಯಾಗಿಯೇ ಬರೆದರು. ಆಮೇಲೆ ಬಂದವರೆಲ್ಲ ಹೃದಯಾಘಾತ ಎಂದು ಬರೆಯತೊಡಗಿದರು. ಗಾಬರಿಯಾಗಿ ಒಳಗೆ ಹೋದರೆ ಕಾಕಾ ಎದೆ ಹಿಡಿದುಕೊಂಡು ನರಳುತ್ತಿದ್ದಾರೆ. ಪಕ್ಕದಲ್ಲಿ ವಿದ್ಯಾರ್ಥಿನಿಯೊಬ್ಬಳು ಅವರ ಕೈ ಹಿಡಿದುಕೊಂಡು ಅಳುತ್ತಿದ್ದಾಳೆ.

"ಕಾಕಾ, ಏನ್ರಿ ಇದು? ನಾ ಹೇಳಿದ್ದು ಹೊಟ್ಟಿನೋವು ಅಲ್ಲೇನ್ರಿ?"

ಕಾಕಾ ನರಳುವುದನ್ನು ನಿಲ್ಲಿಸಿ ಎದ್ದು ಕೂತರು. "ಹೌದ್ರಿ ಸರ. ಆದ್ರ ಹೊಟ್ಟಿನೋವು ಅಂದ್ರ ಹುಡುಗೂರು ತಲಿ ತಗ್ಗಿಸಿ ಬರಕೊಂಡ ಹೋಗ್ತಾರ್ರಿ. ಒಬ್ರೂ ನನ್ನ ಮಾರಿ ನೋಡ್ಲಿಲ್ರಿ. ಮಾರಿ ನೋಡದ ಮಂದಿ ಮುಂದ ಹ್ಯಾಂಗ ಪಾರ್ಟ ಮಾಡ್ಲಿರಿ?"

ಹುಡುಗಿ ಕಣ್ಣೊರೆಸಿಕೊಂಡು ಕೇಳಿದಳು: "ಸರ್, ಹಂಗಾದ್ರ ನಮ್ಮ ಮಾರ್ಕ್ಸ್?"

ಪರೀಕ್ಷೆ ರದ್ದು. ನಾಳೆ ಮತ್ತೆ ಮೊದಲಿನಿಂದ. ಸಾಕಾಗಿ ಹೊರಗೆ ಬಂದೆ. ನಿಜವಾದ ಹೊಟ್ಟೆನೋವಿನವರು ಆಸ್ಪತ್ರೆಯ ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಪಾಪ, ಅವರಲ್ಲಿ ಒಬ್ಬರಿಗೂ ಪಾರ್ಟು ಮಾಡಲು ಬರುವುದಿಲ್ಲ.