ಕಾರಿನ ತಗ್ಗು ಓದಿದವರು

ರಾಜೂರಿನಲ್ಲಿ ನಾನು ಹಳೆಯ ಕಾರು ಕೊಂಡಾಗ ಇನ್ಶೂರೆನ್ಸ್ ಏಜೆಂಟರು ಕೇಳಿದ್ದರು: "ಥರ್ಡ್ ಪಾರ್ಟಿ ಸಾಕೇನ್ರಿ? ರೊಕ್ಕ ಕಡಿಮಿ. ಆದ್ರ ನಿಮ್ಮ ಗಾಡಿಗೆ ಪೆಟ್ಟಾದ್ರ ಏನೂ ಸಿಗಂಗಿಲ್ರಿ." ನಾನು ಹೆಚ್ಚು ಕಟ್ಟಿ ಫುಲ್ ಇನ್ಶೂರೆನ್ಸ್ ಮಾಡಿಸಿದೆ.

ಒಂದು ಮುಂಜಾನೆ ನೋಡಿದರೆ, ಮನೆ ಮುಂದೆ ನಿಲ್ಲಿಸಿದ್ದ ಕಾರಿನ ಬಾಗಿಲು ತಗ್ಗಾಗಿತ್ತು. ಪಕ್ಕದ ಮನೆಯ ಕಾಕಾನ ಟ್ರ್ಯಾಕ್ಟರ್ ತಾಗಿರಬೇಕೆಂದು ನಾನು ಅವರೊಡನೆ ಮಾತು ಬಿಟ್ಟೆ.

ಇನ್ಶೂರೆನ್ಸ್ ಕ್ಲೇಮ್ ಹಾಕಿದೆ. ಎರಡು ದಿನ ಬಿಟ್ಟು ಗದಗಿನಿಂದ, ಹಾನಿ ನೋಡಿ ವರದಿ ಕೊಡುವ ಇನ್ಶೂರೆನ್ಸ್ ಸರ್ವೇಯರ್ ಬಂದರು, ನಡುವಯಸ್ಸಿನ ಹೆಣ್ಣುಮಗಳು. ಅವರು ಕಣ್ಣು ಮುಚ್ಚಿ ತಗ್ಗಿನ ಮೇಲೆ ಮೆಲ್ಲಗೆ ಅಂಗೈ ಆಡಿಸಿದರು. ಆಮೇಲೆ ಹಿಡಿಕೆಯ ಸಂದಿಯಿಂದ ಎರಡು ಒರಟು ಕರಿ ಕೂದಲು ಎಳೆದು ತೋರಿಸಿದರು.

"ಟ್ರ್ಯಾಕ್ಟರ್ ತಾಗಿದ್ರ ಬಣ್ಣ ಕೆತ್ತಿ ಹೋಗ್ತಿತ್ರಿ. ಇದು ಎಮ್ಮಿ ಮೈ ತಿಕ್ಕೇತಿ."

"ಕಣ್ಣಾರೆ ನೋಡಿದವ್ರಂಗ ಹೇಳ್ತೀರಲ್ರೀ!" ಎಂದೆ. ಅವರು ನಕ್ಕು ಫೋಟೊ ತೆಗೆದುಕೊಂಡರು. ಮುಂದಿನ ವಾರವೇ ಕ್ಲೇಮ್ ಮಂಜೂರಾಯಿತು.

ಸರ್ವೇಯರ್ ಬಂದು ಹೋದ ದಿನ ಸಂಜೆಯೇ ನಾನು ಕಾಕಾನ ಮನೆಗೆ ಹೋಗಿ, "ತಪ್ಪಾತ್ರಿ ಕಾಕಾ," ಎಂದು, ಕಾರಿಗೆ ಎಮ್ಮೆ ತಿಕ್ಕಿದೆ ಎಂದು ಸರ್ವೇಯರ್ ಹೇಳಿದ್ದನ್ನು ತಿಳಿಸಿದೆ. ಅವರು ಗಲ್ಲದ ಮೇಲೆ ಕೈ ಇಟ್ಟುಕೊಂಡರು.

"ಅವತ್ತ ನಮ್ಮ ಎಮ್ಮಿ ಹಗ್ಗ ಹರಕೊಂಡಿತ್ತಪಾ. ನಾ ಯಾರಿಗೂ ಹೇಳಿಲ್ಲ. ಆಕಿಗೆ ಹ್ಯಾಂಗ ತಿಳೀತು?"

"ಹಿಡಿಕಿ ಸಂದ್ಯಾಗ ಎರಡು ಕರಿ ಕೂದಲ ಸಿಕ್ಕಿದ್ವು ಕಾಕಾ," ಎಂದೆ. ಕಾಕಾ ಎದ್ದು ಹೊರಗೆ ಹೋಗಿ ಎಮ್ಮೆಯ ಹಗ್ಗ ಬಿಗಿದು ಕಟ್ಟಿದರು.