ಹಳ್ಳದ ಬದಿಯಲ್ಲಿ ಬಿಟ್ಟುಬಂದ ದನಿ

"ಯಾರ್ರೀ ಮಾತಾಡೂದು?" ಎಂದಳು ಹುಬ್ಬಳ್ಳಿಯಿಂದ ನನ್ನ ಸ್ವಂತ ಅಕ್ಕ.

ಹಾಲೆಂಡಿನ ಜೂಟರ್‌ಮೀರ್‌ನ ಫೋನ್ ಬೂತಿನಲ್ಲಿ ಚಳಿಗೆ ನಡುಗುತ್ತ ನಿಂತಿದ್ದೆ. "ನಾನ ಅಕ್ಕಾ, ರಾಘು."

"ನಮ್ಮ ರಾಘೂನ ಅಣಕಸಬ್ಯಾಡ್ರಿ. ಖರೇನ ಯಾರು ಹೇಳ್ರಿ."

ಊರೆಲ್ಲರನ್ನೂ ಅಣಕಿಸಿ ಬೆಳೆದವನಿಗೆ ತಕ್ಕ ಶಾಸ್ತಿ ಎಂದು ನೀವು ನಗಬಹುದು. ನಾನೂ ನಕ್ಕೆ. ಆ ನಗೆ ಮಾತ್ರ ನಮ್ಮ ಪ್ರೊಫೆಸರರದಾಗಿತ್ತು.

ಕಳೆದ ಚಳಿಗಾಲ ಈ ಡಚ್ ಪ್ರೊಫೆಸರರ ಟೇಪ್ ರೆಕಾರ್ಡರ್ ಹೊತ್ತು ಮಧ್ಯ ಅಮೆರಿಕದ ಗ್ವಾಟೆಮಾಲಾದ ಬೆಟ್ಟಗಳಿಗೆ, ಮಾಯಾ ಜನರ ಹಳ್ಳಿಗಳಿಗೆ ಹೋಗಿದ್ದೆ. ನಾವು ಉಳಿದದ್ದು ತೊಮಾಸಾ ಅಜ್ಜಿಯ ಮನೆಯಲ್ಲಿ. ಮಗ್ಗದ ಒಂದು ತುದಿ ಮರಕ್ಕೆ, ಇನ್ನೊಂದು ತನ್ನ ಸೊಂಟಕ್ಕೆ ಕಟ್ಟಿಕೊಂಡು ಅವಳು ನೇಯುತ್ತಿದ್ದಳು. ಅವಳು ಹಾಕುವ ಕೊಪಾಲ್ ಎಂಬ ಮರದಂಟಿನ ಹೊಗೆ ನಮ್ಮ ಲೋಬಾನದಂತೆಯೇ ಕಣ್ಣುರಿಸುತ್ತಿತ್ತು. ಮೆಕ್ಕೆಜೋಳದ ರೊಟ್ಟಿ ಬಡಿಯುವ ಸದ್ದಂತೂ ನಮ್ಮ ಮನೆಯದೇ. ಡಚ್ಚರ ಊಟಕ್ಕೆ ಸದ್ದೇ ಇಲ್ಲ: ತಣ್ಣನೆ ಬ್ರೆಡ್ಡು, ತಣ್ಣನೆ ಚೀಸು.

ಅಜ್ಜಿಯ ಟರ್ಕಿ ಕೋಳಿಯನ್ನೂ ನಾನು ಬಿಡಲಿಲ್ಲ, ಅಣಕಿಸಿದೆ. ಅದು ಅಟ್ಟಿಸಿಕೊಂಡು ಬಂತು. ಹಳ್ಳಕ್ಕೆ ಉರುಳಿ ಎಚ್ಚರ ತಪ್ಪಿದೆ. ಹೊರಡುವ ದಿನ ಅಜ್ಜಿ ಅಲ್ಲಿಗೇ ಕರೆದೊಯ್ದು ಕೈಗೊಂದು ಕಡ್ಡಿ ಕೊಟ್ಟಳು. ಹೆದರಿದ ಕಡೆ ಜೀವ ಕೂತುಬಿಡುತ್ತದಂತೆ; ನೆಲಕ್ಕೆ ಬಡಿದು, ಹೆಸರು ಹಿಡಿದು, "ಬಾ, ಮನೆಗೆ ಹೋಗೋಣ" ಎಂದು ಮೂರು ಸಲ ಕೂಗಬೇಕು. ಯುದ್ಧದಲ್ಲಿ ಕಾಣೆಯಾದ ತನ್ನ ಮಗನನ್ನೂ ಅವಳು ಅಲ್ಲೇ ನಿಂತು ಕೂಗುತ್ತಿದ್ದಳು.

ನಾನು ಪ್ರೊಫೆಸರರಂತೆ ಗಂಟಲು ಕೆರೆದು ಕೂಗಿದೆ: "ರಾಖೂ!"

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. "ಬೇರೆಯವರ ದನಿಗೆ ಅದು ಯಾಕೆ ಎದ್ದು ಬರುತ್ತೆ, ಮಗನೇ? ನಿನ್ನ ದನಿಯಲ್ಲಿ ಕೂಗು." ಜೀಪು ಹಾರ್ನ್ ಹೊಡೆಯಿತು. ಹತ್ತಿಬಿಟ್ಟೆ.

ಅಂದಿನಿಂದ ಹೀಗೆ. ಗೆಮೇಂಟೆ, ಅಂದರೆ ಇಲ್ಲಿನ ನಗರಸಭೆಗೆ ಹೋದರೆ ನನ್ನ ಬಾಯಲ್ಲಿ ಅಲ್ಲಿನ ಗುಮಾಸ್ತನ ದನಿ; ರೂಮಿನಲ್ಲಿ ಬೆಂಗಳೂರಿನ ಗೆಳೆಯ ಸುರೇಶನ ದನಿ. "ಲೋ, ನಿಂದು ಒರಿಜಿನಲ್ ಯಾವ್ದೋ?" ಎಂದು ಅವನೇ ಕೇಳಿದ.

ಭಾನುವಾರ ನೂರ್ಡ್‌ವೈಕ್‌ನ ಕಡಲಿಗೆ ಹೋದೆ. ಅಜ್ಜಿಯ ಬೆಟ್ಟಗಳು ಇದರಾಚೆಗೇ. ನಡುವೆ ಇಂಗ್ಲೆಂಡ್ ಇದೆ, ಇರಲಿ. ಮರಳಿಗೆ ಕಡ್ಡಿ ಬಡಿದು ಕೂಗಿದೆ. ಮೊದಲು ಪ್ರೊಫೆಸರರ ದನಿ ಬಂತು. ಆಮೇಲೆ ಸುರೇಶನದು. ಮೂರನೆಯ ಸಲ, ಸಂಜೆ ಆಟ ಬಿಡಿಸಿ ಕರೆಯುತ್ತಿದ್ದ ಅಕ್ಕನದು: "ರಾಘ್ಯಾ, ಬಾರೋ, ಮನಿಗೆ ಹೋಗೂಣು!"

ಬೆನ್ನ ಹಿಂದೆ ಮರಳು ಸರಕ್ಕೆಂದಿತು. ಯಾವ ಮನೆಗೆ ಎಂದು ಆ ಜೀವ ಕೇಳಿದರೆ? ಹುಬ್ಬಳ್ಳಿಗೋ, ಜೂಟರ್‌ಮೀರ್‌ಗೋ? ತಿರುಗಿ ನೋಡದೆ ನಡೆದೆ; ಸದ್ದು ಬಸ್ಸಿನವರೆಗೂ ಹಿಂದೆಯೇ ಬಂತು.

ಬಸ್ಸಿನ ಡ್ರೈವರ್ ನನ್ನ ಟಿಕೆಟ್ ಪಟ್ಟಿಗೆ ಮುದ್ರೆ ಒತ್ತಲು ಕೈಯೆತ್ತಿ, "ಎಷ್ಟು ಜನ?" ಎಂದ.

ಬಾಯಿ ತೆರೆದೆ. ಯಾರ ದನಿಯೂ ಸಿಗಲಿಲ್ಲ. ಎರಡು ಬೆರಳು ತೋರಿಸಿದೆ.