ತಖಿಯಾ ತವರಿಗೆ ಬಂದದ್ದು

ಸನಾ ಪಟ್ಟಣದ ಹಳೇ ಊರಿನೊಳಗೆ, ಮಸೀದಿಯ ಬೆನ್ನಿಗಿದ್ದ ತಗ್ಗು ತೋಟದಲ್ಲಿ ಘಾಲಿಬ್ ಮೂಲಂಗಿ, ಕೊತ್ತಂಬರಿ, ಪುದೀನ, ಈರುಳ್ಳಿ ಸೊಪ್ಪು ಬೆಳೆದುಕೊಂಡಿದ್ದ. ಅವನಿಗಿಂತ ಮೊದಲು ಅವನಪ್ಪ, ಅಪ್ಪನಿಗಿಂತ ಮೊದಲು ಅಜ್ಜ ಅದೇ ಮಣ್ಣಿನಲ್ಲಿ ಬಗ್ಗಿ ಎದ್ದವರು. ನಮಾಜಿಗೆ ಬಂದವರು ಕೈಕಾಲು ತೊಳೆದ ನೀರು ಕಾಲುವೆಗುಂಟ ಇಳಿದು ಅವನ ಪಾತಿಗಳಿಗೆ ಬರುತ್ತಿತ್ತು. ಸುತ್ತಲೂ ಐದಾರು ಮಹಡಿಯ ಇಟ್ಟಿಗೆ ಮನೆಗಳು. ಮೇಲಿನ ಕಿಟಕಿಗಳಿಂದ ಹೆಂಗಸರು ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಬಿಟ್ಟು, "ಘಾಲಿಬ್, ಒಂದು ಕಟ್ಟು ಕೊತ್ತಂಬರಿ! ನಿನ್ನೆ ಕೊಟ್ಟಂಥ ಬಲಿತಿದ್ದಲ್ಲ, ಎಳೇದು!" ಎಂದು ಕೂಗುತ್ತಿದ್ದರು. ಅವನು ಮರುಮಾತಾಡದೆ ಬುಟ್ಟಿ ತುಂಬಿಸಿ ಹಗ್ಗ ಜಗ್ಗುತ್ತಿದ್ದ. ಕಟ್ಟು ದಪ್ಪ, ಮಾತು ತೆಳು, ಅದು ಘಾಲಿಬ್ ಎಂದು ಕೇರಿಯಲ್ಲಿ ಹೆಸರಾಗಿತ್ತು.

ಐವತ್ತನಾಲ್ಕರ ಆ ವಯಸ್ಸಿಗೆ ಅವನಿಗೆ ಯಾವುದಕ್ಕೂ ಕೊರತೆ ಇರಲಿಲ್ಲ. ಹೆಂಡತಿ ಲುತ್ಫಿಯಾ ಗಟ್ಟಿಮುಟ್ಟಾಗಿದ್ದಳು. ಹಿರಿಮಗ ಮಹ್ದಿ ಮದುವೆಯಾಗಿ ಪಕ್ಕದ ಕೇರಿಯಲ್ಲಿ ಬೇರೆ ಮನೆ ಮಾಡಿದ್ದ. ಆದರೂ ಚಳಿಗಾಲ ಮುಗಿಯುತ್ತ ಬಂದು, ಊರಾಚೆ ಬಾದಾಮಿ ಗಿಡಗಳು ಹೂಬಿಟ್ಟು ಬಿಳಿಯಾಗುವ ಹೊತ್ತಿಗೆ ಪ್ರತಿವರ್ಷ ಅವನ ಮುಖ ಬಾಡುತ್ತಿತ್ತು. "ಚಳಿ ಹೊಡೆದದ್ದು ಮೂಲಂಗಿಗೋ ಇವರಿಗೋ" ಎಂದು ಲುತ್ಫಿಯಾ ನಗುತ್ತಿದ್ದಳು.

ಆ ವರ್ಷ ಅಂಥದೇ ಒಂದು ಬೆಳಿಗ್ಗೆ, ಕಾಲುವೆಯ ಮೇಲೆ ಕಟ್ಟಿದ್ದ ತೆಳು ಮಂಜುಗಡ್ಡೆಯನ್ನು ಅವನು ಗುದ್ದಲಿಯಿಂದ ಒಡೆಯುತ್ತಿದ್ದಾಗ, ಹಜ್ಜಾ ಬೆಟ್ಟಗಳ ಕಡೆ ಟ್ಯಾಕ್ಸಿ ಓಡಿಸುವವನೊಬ್ಬ ಗೋಡೆಯ ಮೇಲಿಂದ ಕೂಗಿ ಹೇಳಿದ: "ಘಾಲಿಬ್, ನಿನ್ ತಂಗಿ ತಖಿಯಾ ಹೇಳಿಕಳಿಸಿದಾಳೆ. ಗುರುವಾರ ಮಗನ ಜೊತೆ ಬರ್ತಾಳಂತೆ. ಒಂದು ವಾರ ಇರ್ತಾಳಂತೆ."

ಘಾಲಿಬ್ ಗುದ್ದಲಿ ಊರಿ ನಿಂತ. "ಯಾಕಂತೆ?" ಎಂದ.

"ತವರಿಗೆ ಬರೋಕೆ ಯಾಕೆ ಏನು ಅಂತ ಕೇಳ್ತಾರೇನಯ್ಯಾ?" ಎಂದು ಅವನು ನಕ್ಕು ಹೊರಟುಹೋದ.

ತಖಿಯಾಳ ಗಂಡ ಮುತಹ್ಹರ್ ಹಿಂದಿನ ಶರತ್ಕಾಲದಲ್ಲಿ ತೀರಿಕೊಂಡಿದ್ದ. ಅವನು ಲುತ್ಫಿಯಾಳ ಒಡಹುಟ್ಟಿದ ಅಣ್ಣ. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರಬೇಕಾದ್ದು ಕಳೆದು, ತಖಿಯಾ ಹೊರಗೆ ಕಾಲಿಡುವುದಕ್ಕೆ ಈಗ ಅಡ್ಡಿಯಿರಲಿಲ್ಲ. ಮೊದಲ ಪಯಣ ತವರಿಗೆ. ಸುದ್ದಿ ಕೇಳಿ ಲುತ್ಫಿಯಾ ಕುಣಿದಾಡಿದಳು. ಹಾಸಿಗೆಗಳನ್ನು ಮಾಳಿಗೆಯ ಬಿಸಿಲಿಗೆ ಹಾಕಿದಳು, ಜೇನು ತರಿಸಿದಳು. ಘಾಲಿಬ್ ಮಾತ್ರ ಊಟವನ್ನು ಅರ್ಧಕ್ಕೇ ಬಿಟ್ಟು ತೋಟಕ್ಕಿಳಿದ.

ಅದಕ್ಕೆ ಕಾರಣ ಮೂವತ್ತು ವರ್ಷದ ಹಿಂದಿನದು. ಬಂದೂಕು ಹಿಡಿದು ಓಡಾಡುವ ಬುಡಕಟ್ಟಿನ ಜನ ಸೊಪ್ಪು ಬೆಳೆಯುವವರಿಗೆ ಹೆಣ್ಣು ಕೊಡುತ್ತಿರಲಿಲ್ಲ, ಅವರಿಂದ ತರುತ್ತಲೂ ಇರಲಿಲ್ಲ. ಹಾಗಾಗಿ ಸೊಪ್ಪಿನವರು ತಮ್ಮತಮ್ಮಲ್ಲೇ ಕೊಟ್ಟು ತರುವ ಸಂಬಂಧ ಮಾಡಿಕೊಳ್ಳುತ್ತಿದ್ದರು. ಘಾಲಿಬನಿಗೆ ಲುತ್ಫಿಯಾ ಬಂದಳು, ಬದಲಿಗೆ ಲುತ್ಫಿಯಾಳ ಅಣ್ಣನಿಗೆ ತಖಿಯಾ ಹೋದಳು. ಒಂದು ಮನೆಯ ಹೆಣ್ಣು ಮುನಿದು ವಾಪಸು ಬಂದರೆ ಇನ್ನೊಂದು ಮನೆಯ ಹೆಣ್ಣನ್ನೂ ವಾಪಸು ಕಳಿಸಬೇಕು. ಅದು ಕಟ್ಟಳೆ.

ಮದುವೆಯಾದ ಎರಡನೇ ವರ್ಷ, ಚಳಿಗಾಲದ ಕೊನೆಯಲ್ಲಿ, ತಖಿಯಾ ಕಾಫಿ ಸಿಪ್ಪೆಯ ಮೂಟೆ ಹೇರಿದ ಲಾರಿಯೊಂದರಲ್ಲಿ ಒಬ್ಬಳೇ ಬಂದು ಇಳಿದಳು. ಆಗ ಅವಳಿಗೆ ಹತ್ತೊಂಬತ್ತು. ತೋಟದ ಬಾಗಿಲಲ್ಲಿ ನಿಂತು, "ಅಣ್ಣಾ, ನಾನು ಇನ್ನು ಆ ಮನೆಗೆ ಹೋಗಲ್ಲ. ಅತ್ತೆ ಕಾಟ ತಡೆಯೋಕಾಗಲ್ಲ. ಅಪ್ಪನ್ನ ಕರಿ," ಎಂದಳು. ಮನೆಯೊಳಗೆ ಲುತ್ಫಿಯಾ ಹತ್ತು ದಿನದ ಬಾಣಂತಿ, ಮಗ್ಗುಲಲ್ಲಿ ಮಹ್ದಿ. ಅಪ್ಪ ಪೇಟೆಗೆ ಹೋಗಿದ್ದ. ಇಪ್ಪತ್ನಾಲ್ಕರ ಘಾಲಿಬ್ ತಂಗಿಯ ಮುಖ ನೋಡಿದ, ಮನೆಯ ಕಡೆ ನೋಡಿದ. ಆಮೇಲೆ ಬಾಯಿಗೆ ಬಂದದ್ದನ್ನು ಆಡಿಬಿಟ್ಟ: "ನೀನು ಬಂದ್ರೆ ಒಳಗೆ ಸೇರಿಸಬೇಡ ಅಂತ ಅಪ್ಪನೇ ಹೇಳಿದಾನೆ."

ಅಪ್ಪ ಹಾಗೆ ಹೇಳಿರಲಿಲ್ಲ. ಆ ಮನುಷ್ಯ ಮಗಳ ಹೆಸರು ಎತ್ತಿದರೆ ಕಣ್ಣೊರೆಸಿಕೊಳ್ಳುವವನು. ತಖಿಯಾ ಅಣ್ಣ ಕೊಟ್ಟ ಬಿಸಿ ಕಿಷಿರನ್ನು, ಆ ಕಾಫಿ ಸಿಪ್ಪೆಯ ಕಷಾಯವನ್ನು, ಮುಟ್ಟಲಿಲ್ಲ. ಅದೇ ಲಾರಿಯಲ್ಲಿ ಅವನು ಅವಳನ್ನು ಕೂರಿಸಿದ. ಎರಡು ವರ್ಷದ ಮೇಲೆ ಅಪ್ಪ ತೀರಿಕೊಂಡ. ತಖಿಯಾ ಮೂರನೇ ದಿನ ಬಂದಳು, ಹೆಂಗಸರ ನಡುವೆ ಒಣಗಣ್ಣಿನಲ್ಲಿ ಕೂತು ಎದ್ದು ಹೋದಳು. ಅಲ್ಲಿಂದ ಈಚೆಗೆ ಹಬ್ಬಕ್ಕೆ ಅಣ್ಣ ತಂಗಿಯ ಮನೆ ಬಾಗಿಲಿಗೆ ಹೋಗಬೇಕಾದ ದಿನ ಘಾಲಿಬ್ ಏನಾದರೊಂದು ನೆಪ ಹೇಳಿದ, ಮಹ್ದಿ ಬೆಳೆದ ಮೇಲೆ ತನ್ನ ಬದಲು ಅವನನ್ನೇ ಕಳಿಸುತ್ತ ಬಂದ.

ಗುರುವಾರ ಮಧ್ಯಾಹ್ನ ಟ್ಯಾಕ್ಸಿ ಬಂತು. ಇಳಿದವಳು ಅವನ ನೆನಪಿನ ತೆಳ್ಳಗಿನ ಹುಡುಗಿಯಲ್ಲ. ಮೈ ತುಂಬಿಕೊಂಡ, ಮಂಡಿ ಹಿಡಿದುಕೊಂಡು ಉಸ್ಸೆನ್ನುವ, ಬಾಯಿಬಡುಕಿ ಹೆಂಗಸು. ಹಿಂದೆ ಅವಳ ಮಗ ಹುಮೈದ್, ಇಪ್ಪತ್ತೈದರ ಪ್ರಾಯದವನು.

"ಏನಣ್ಣಾ, ಇಷ್ಟು ಒಣಗಿದೀಯ! ಸೊಪ್ಪನ್ನೆಲ್ಲ ಊರಿಗೇ ಮಾರ್ತೀಯೋ, ನೀನೂ ಒಂದಿಷ್ಟು ತಿಂತೀಯೋ?" ಎಂದು ಅವಳು ಬಾಗಿಲಲ್ಲೇ ಶುರುಮಾಡಿದಳು. ಲುತ್ಫಿಯಾ ಓಡಿಬಂದು ತಬ್ಬಿಕೊಂಡಳು. ಸತ್ತ ಮುತಹ್ಹರನನ್ನು ನೆನೆದು ಇಬ್ಬರೂ ಅತ್ತರು, ಅಳುತ್ತಲೇ ಮೆಟ್ಟಿಲು ಹತ್ತಿದರು, ನಾಲ್ಕನೇ ಮಹಡಿ ಮುಟ್ಟುವಷ್ಟರಲ್ಲಿ ಮೆಟ್ಟಿಲನ್ನು ಬೈಯುತ್ತ ನಗುತ್ತಿದ್ದರು.

ಎರಡು ದಿನ ಅತ್ತಿಗೆ ನಾದಿನಿಯರು ಕೈಗೆ ಸಿಗಲಿಲ್ಲ. ಹಬೆಸ್ನಾನದ ಹಮಾಮಿಗೆ ಹೋಗಿ ಕೆಂಪಗಾಗಿ ಬಂದರು, ನೆರೆಮನೆ ಹೆಂಗಸರನ್ನೆಲ್ಲ ಮಾತಾಡಿಸಿದರು. ಘಾಲಿಬ್ ಬೆಳಕು ಹರಿಯುವ ಮೊದಲೇ ತೋಟಕ್ಕಿಳಿದರೆ ಊಟಕ್ಕಷ್ಟೇ ಮೇಲೆ ಬರುತ್ತಿದ್ದ. ನೀರು ಹಾಯಿಸಿದ ಪಾತಿಗೇ ಮತ್ತೆ ನೀರು ತಿರುಗಿಸುತ್ತಿದ್ದ.

"ಮಹ್ದಿ ಅಪ್ಪಾ, ಮೂಲಂಗಿ ಕೊಳೆತುಹೋಗುತ್ತೆ!" ಎಂದು ಲುತ್ಫಿಯಾ ಕಿಟಕಿಯಿಂದ ಕೂಗಿದಳು. "ನಿಮ್ ತಂಗಿ ಬಂದಿದಾಳೆ, ಹುಲಿ ಅಲ್ಲ. ಮೇಲೆ ಬನ್ನಿ!"

ಮೂರನೆಯ ದಿನ ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ತಖಿಯಾ ತಾನೇ ತೋಟಕ್ಕೆ ಇಳಿದು ಬಂದಳು. ಕಾಲುವೆಯ ಕಲ್ಲಿನ ಮೇಲೆ ಕೂತು, ಒಂದು ಮೂಲಂಗಿ ಕಿತ್ತು, ನೀರಲ್ಲಿ ಅದ್ದಿ ಕಚ್ಚಿದಳು.

"ಅಣ್ಣಾ, ಒಂದು ಕೆಲಸ ಆಗ್ಬೇಕು ನಿನ್ನಿಂದ. ಹುಮೈದನಿಗೆ ಹೆಣ್ಣು ನೋಡಿದೀವಿ. ಚಂದ ಹುಡುಗಿ. ಆದ್ರೆ ಅವರು ಬದಲಿಗೆ ನಜೀಬಾನ ಕೇಳ್ತಿದಾರೆ, ಅವರ ಮಗನಿಗೆ."

ನಜೀಬಾ ಅವಳ ಕೊನೆಯ ಮಗಳು, ಹದಿನೇಳರವಳು.

"ಹುಮೈದ್ ಏನಂತಾನೆ?"

"ಹೂಂ ಅಂತಾನೆ. ಅವನಪ್ಪ ಇಲ್ಲ, ಈಗ ಅವನೇ ಯಜಮಾನ. ನಾನು ಬೇಡ ಅಂದ್ರೆ, 'ಅಮ್ಮಾ, ನೀನೂ ಹಾಗೇ ಬಂದವಳಲ್ವಾ, ಏನಾಯ್ತು ನಿಂಗೆ' ಅಂತಾನೆ. ಏನು ಹೇಳ್ಲಿ? ಸೋದರಮಾವನ ಮಾತು ತೆಗೆದುಹಾಕಲ್ಲ ಅವನು. ನೀನು ಬೇಡ ಅನ್ನು. ಇಷ್ಟೇ ಕೇಳೋಕೆ ಬಂದೆ."

ಘಾಲಿಬ್ ಕುಡುಗೋಲನ್ನು ಬದಿಗಿಟ್ಟ. ಅವನು ಪಾತಿಯ ಬದುವಿನ ಮೇಲೆ ಕುಕ್ಕರಿಸಿದ.

"ತಖಿಯಾ, ಅವತ್ತು ಅಪ್ಪ ಹಾಗೆ ಹೇಳಿರಲಿಲ್ಲ."

"ಯಾವತ್ತು?"

"ನೀನು ಲಾರೀಲಿ ಬಂದಿದ್ಯಲ್ಲ, ಅವತ್ತು. ಒಳಗೆ ಸೇರಿಸಬೇಡ ಅಂತ ಅಪ್ಪ ಹೇಳಿರ್ಲಿಲ್ಲ. ಅದು ನಂದೇ ಮಾತು. ನೀನು ಬಂದಿದ್ದೇ ಅವನಿಗೆ ಗೊತ್ತಿಲ್ಲ. ಸಾಯೋವರೆಗೂ 'ಮಗಳು ಯಾಕೆ ಬರ್ಲಿಲ್ಲ' ಅಂತ ನನ್ನನ್ನೇ ಕೇಳ್ತಿದ್ದ."

ತಖಿಯಾ ಜಗಿಯುವುದನ್ನು ನಿಲ್ಲಿಸಿದಳು. ಆಮೇಲೆ ಪಕ್ಕದಲ್ಲಿ ಕಟ್ಟಿಟ್ಟಿದ್ದ ಒದ್ದೆ ಈರುಳ್ಳಿ ಸೊಪ್ಪಿನ ಕಂತೆ ಎತ್ತಿ ಅಣ್ಣನ ಹೆಗಲಿಗೆ ಬಾರಿಸಿದಳು. ಒಂದು ಸಲ, ಎರಡು ಸಲ, ಕಂತೆ ಬಿಚ್ಚಿ ಚೆಲ್ಲಾಪಿಲ್ಲಿಯಾಗುವವರೆಗೂ. ಅವನು ತಲೆ ತಗ್ಗಿಸಿ ಕೂತೇ ಇದ್ದ. ಮೇಲಿನ ಕಿಟಕಿಯಲ್ಲೊಬ್ಬಳು ಬುಟ್ಟಿ ಇಳಿಸಲು ಬಂದವಳು ಹಾಗೇ ಹಿಂದೆ ಸರಿದಳು.

"ಮೂವತ್ತು ವರ್ಷ!" ಎಂದಳು ತಖಿಯಾ, ಅಳುತ್ತ. "ಮೂವತ್ತು ವರ್ಷ ಅಪ್ಪನ ಮೇಲೆ ಮುನಿಸಿಕೊಂಡಿದ್ದೆ ನಾನು. ಅವನು ಸತ್ತಾಗ್ಲೂ ಒಂದು ಹನಿ ನೀರು ಬರ್ಲಿಲ್ಲ ನನ್ ಕಣ್ಣಲ್ಲಿ. ನನ್ನಪ್ಪ ನನ್ನ ಬೇಡ ಅಂದ ಅಂತ..." ಅವಳು ತಲೆವಸ್ತ್ರದಿಂದ ಮುಖ ಮುಚ್ಚಿಕೊಂಡಳು. ಸ್ವಲ್ಪ ಹೊತ್ತಿಗೆ ಮುಸುಕಿನೊಳಗಿಂದಲೇ ಕೇಳಿದಳು: "ನಿಜವಾಗ್ಲೂ ಹೇಳಿರ್ಲಿಲ್ವಾ?"

"ಅಲ್ಲಾನಾಣೆ ಹೇಳಿರ್ಲಿಲ್ಲ. ನೀನು ಬಂದಿದೀಯ ಅಂತ ಗೊತ್ತಾಗಿದ್ರೆ ಅವನು ಬರಿಗಾಲಲ್ಲಿ ಓಡಿಬರ್ತಿದ್ದ."

ಅವಳು ಮುಖ ತೆರೆದಾಗ ಕಣ್ಣು ಕೆಂಪಗಿದ್ದವು, ಆದರೆ ಹಣೆಯ ಮೇಲಿನ ಗಂಟು ಸಡಿಲಾಗಿತ್ತು. "ಇದನ್ನೂ ಕೇಳ್ಕೋ," ಎಂದಳು. "ಅವತ್ತು ವಾಪಸು ಹೋದಾಗ ಮುತಹ್ಹರ್ ನನ್ನ ಹುಡುಕ್ಕೊಂಡು ಎರಡು ಊರು ಅಲೆದು ಬಂದು ಕೂತಿದ್ದ. ನನ್ನ ನೋಡಿದ್ದೇ ಅಮ್ಮನ ಕೈಯಿಂದ ಉಗ್ರಾಣದ ಬೀಗದ ಕೈ ಕಿತ್ಕೊಂಡು, ಬೇರೆ ಒಲೆ ಹೂಡಿಕೊಟ್ಟ. ಚೆನ್ನಾಗೇ ಬಾಳಿದೆ. ಆದ್ರೆ ಅದು ಅವನ ಒಳ್ಳೇತನ, ನಿಂದಲ್ಲ. ನೀನು ಮಾಡಿದ್ದು ತಪ್ಪೇ."

"ತಪ್ಪೇ," ಎಂದ ಘಾಲಿಬ್. ಮೂವತ್ತು ವರ್ಷ ಎದೆಯಲ್ಲಿಟ್ಟುಕೊಂಡಿದ್ದ ಆ ಒಂದು ಮಾತನ್ನು ಬಾಯಿಬಿಟ್ಟು ಅಂದದ್ದೇ ಅವನಿಗೆ ಉಸಿರು ಹಗುರಾಯಿತು.

"ಹಾಗಾದ್ರೆ ಎದ್ದೇಳು. ನನ್ ಮಗನಿಗೆ ಹೇಳು ಇದನ್ನ. ಪೂರ್ತಿ ಹೇಳು, ಅರ್ಧ ನುಂಗಬೇಡ."

ಮರುದಿನ ಮಧ್ಯಾಹ್ನ, ಮಾಳಿಗೆಯ ಕೋಣೆಯಲ್ಲಿ ಜಗಿಯುವ ಖಾತ್ ಎಲೆ ಹರಡಿಕೊಂಡು ಮಾವ ಅಳಿಯ ಎದುರುಬದುರು ಕೂತರು. ಬಣ್ಣದ ಗಾಜಿನಿಂದ ಬಿದ್ದ ಬೆಳಕು ಹುಮೈದನ ಮೊಣಕಾಲ ಮೇಲೆ ಕೆಂಪು ಹಸಿರಾಗಿತ್ತು. ಬಾಗಿಲಾಚೆ ಹೆಂಗಸರಿಬ್ಬರೂ ಇದ್ದಾರೆಂದು ಘಾಲಿಬನಿಗೆ ಗೊತ್ತಿತ್ತು. ಅವನು ಏನೂ ಬಿಡದೆ ಹೇಳಿದ. ಬಾಗಿಲಾಚೆ ಬಳೆ ಸದ್ದಾಗಿ ನಿಂತಿತು.

ಹುಮೈದ್ ಕೇಳಿ ಮುಗಿಸಿ, "ಮಾವ, ಅದು ಆಗಿನ ಕಾಲ. ಈ ಮನೆಯೋರು ಒಳ್ಳೇ ಜನ," ಎಂದ.

"ನಾವೂ ಒಳ್ಳೇ ಜನವೇ ಕಣೋ. ನಿಮ್ಮಪ್ಪ ಒಳ್ಳೇವನು, ನನ್ನ ಬಗ್ಗೆಯೂ ಈ ಕೇರೀಲಿ ಯಾರೂ ಒಂದು ಕೆಟ್ಟ ಮಾತಾಡಲ್ಲ. ನಾಳೆ ನಜೀಬಾ ಅಳ್ತಾ ನಿನ್ನ ಬಾಗಿಲಿಗೆ ಬಂದು ನಿಲ್ತಾಳೆ ಅಂದ್ಕೋ. ಒಳಗೆ ನಿನ್ ಹೆಂಡ್ತಿ ಬಾಣಂತಿ. ಏನು ಹೇಳ್ತೀಯ ತಂಗಿಗೆ?"

ಹುಮೈದ್ ಎಲೆಯ ದಂಟನ್ನು ಬೆರಳಲ್ಲಿ ತಿರುವುತ್ತ ಕೂತ. ಆಮೇಲೆ, "ಅವರು ಒಪ್ಪದಿದ್ರೆ? ನನಗೆ ಆ ಹುಡುಗೀನೇ ಬೇಕು ಮಾವ," ಎಂದ, ಚಿಕ್ಕವನಂತೆ.

"ನಾನೇ ಬಂದು ಮಾತಾಡ್ತೀನಿ."

ಆವತ್ತು ಲುತ್ಫಿಯಾ ಗಂಡನ ಮುಂದೆ ಊಟದ ತಟ್ಟೆ ಕುಕ್ಕಿದಳು. "ನನ್ನ ಉಳಿಸ್ಕೊಳ್ಳೋಕೆ ಮಾಡಿದ್ರಿ ಅಂತ ನಾನು ಹಿಗ್ಗಬೇಕಾ? ನನ್ ಹೆಸರಲ್ಲಿ ಮಾಡಿದ್ದನ್ನ ನನಗೊಂದು ಮಾತು ಹೇಳ್ಬೇಕಿತ್ತು. ಎಷ್ಟು ಚಳಿಗಾಲ ನಿಮ್ಮ ಮುಖ ನೋಡ್ಕೊಂಡು ಹೊಟ್ಟೆನೋವೇನೋ ಅಂತ ಮೆಂತ್ಯ ಕುಡಿಸಿದೆ ನಾನು!" ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ, ಅವನು ತಂಗಿ, ಅಳಿಯನ ಜೊತೆ ಬೆಟ್ಟಕ್ಕೆ ಹೊರಟಾಗ, ತಾನೇ ಬಂದು ಉಣ್ಣೆಯ ಶಾಲನ್ನು ಕತ್ತಿಗೆ ಸುತ್ತಿ, "ಅಲ್ಲಿ ಗಾಳಿ ಜೋರು," ಎಂದಳು. ತೋಟ ನೋಡಿಕೊಳ್ಳಲು ಮಹ್ದಿ ಬಂದ.

ಹುಡುಗಿಯ ಅಪ್ಪ ಸುಲಭಕ್ಕೆ ಬಗ್ಗುವವನಾಗಿರಲಿಲ್ಲ. "ನನ್ ಮಗನಿಗೆ ಹೆಣ್ಣು ಎಲ್ಲಿಂದ ತರ್ಲಿ? ಆಕಾಶದಿಂದ ಉದುರುತ್ತಾ?" ಎಂದು ಎಗರಾಡಿದ. ಘಾಲಿಬ್ ತಾಳ್ಮೆಯಿಂದ ಕೂತ. ನಿನ್ನ ಮಗನೂ ಬಂದು ನಜೀಬಾನ ಕೇಳಲಿ, ಅವಳು ಹೂಂ ಅಂದರೆ ಆಗಲಿ, ಇಲ್ಲವೆಂದರೆ ಬೇಡ, ಆದರೆ ಒಂದಕ್ಕೊಂದು ಗಂಟು ಹಾಕುವುದು ಬೇಡ ಎಂದ. ಯಾಕೆ ಎಂದು ಆ ಮನುಷ್ಯ ಕೇಳಿದಾಗ, ತನ್ನ ಕಥೆಯನ್ನು ಮೂರನೇ ಸಲ ಹೇಳಿದ. ಈ ಸಲ ನಾಲಿಗೆ ತಡವರಿಸಲಿಲ್ಲ.

ಹೇಳಿ ಮುಗಿಸುವಷ್ಟರಲ್ಲಿ ಒಳಬಾಗಿಲ ಹಿಂದಿನಿಂದ ಹೆಂಗಸಿನ ದನಿ ಬಂತು: "ಒಪ್ಕೊಳ್ರೀ. ಬಾಗಿಲಲ್ಲಿ ನಿಲ್ಲೋಳು ನಮ್ ಮಗಳೂ ಆಗಬಹುದು."

ಮನೆಯ ಯಜಮಾನ ಗಡ್ಡ ಕೆರೆದುಕೊಂಡ, ಇನ್ನೂ ಒಂದಿಷ್ಟು ಗೊಣಗಿದ, ಕೊನೆಗೆ ಕಿಷಿರ್ ತರಲು ಹೇಳಿದ. ಹುಮೈದ್ ಅವಸರಕ್ಕೆ ಬಟ್ಟಲು ಎತ್ತಿ ಅರ್ಧ ಚಾಪೆಗೆ ಚೆಲ್ಲಿದ. ಎಲ್ಲರೂ ನಕ್ಕರು.

ತಖಿಯಾಳ ಮನೆಯಲ್ಲಿ ಘಾಲಿಬ್ ಮೂರು ದಿನ ಉಳಿದ. ಕೊನೆಯ ಬೆಳಿಗ್ಗೆ ಅವನು ಎದ್ದಾಗ ಬಿಸಿಲು ಕೋಣೆಯ ನಡುವಿಗೆ ಬಂದಿತ್ತು. ಕೆಳಗೆ ಮೆಟ್ಟಿಲು ಹೊಲಗಳಲ್ಲಿ ಯಾರೋ ಎತ್ತಿಗೆ ಹೊ ಹೊ ಎನ್ನುತ್ತಿದ್ದರು. ನಜೀಬಾ ಬಾಗಿಲ ಸಂದಿಯಿಂದ ಇಣುಕಿ, "ಅಮ್ಮಾ, ಮಾವ ಎದ್ರು!" ಎಂದು ಕೂಗಿ ಓಡಿದಳು. ತಖಿಯಾ ಹಬೆಯಾಡುವ ಅಸೀದ್ ಮುದ್ದೆಯ ಬಟ್ಟಲನ್ನು, ನಡುವೆ ಸಾರು ತುಂಬಿಸಿ, ತಂದು ಮುಂದಿಟ್ಟಳು.

"ಸನಾದ ಸೊಪ್ಪಿನ ದೊರೆಗೆ ಈಗ ಬೆಳಗಾಯ್ತಾ? ಸತ್ತೇ ಹೋದ್ಯೇನೋ ಅಂದ್ಕೊಂಡೆ ನಾನು."

"ಚೆನ್ನಾಗಿ ನಿದ್ದೆ ಬಂತು," ಎಂದ ಘಾಲಿಬ್. ಮುದ್ದೆ ಮುರಿದು ಸಾರಿನಲ್ಲಿ ಅದ್ದಿದ. ಬಟ್ಟಲು ಬರಿದಾದ ಮೇಲೆ ತಲೆ ಎತ್ತದೆಯೇ ಅದನ್ನು ತಂಗಿಯ ಕಡೆ ಮತ್ತೆ ಚಾಚಿದ.